ಅಜ್ಜಿಯ ಹೆಸರಿನಲ್ಲಿರುವ ತಲೆಮಾರು: ವಿಯೆಟ್ನಾಮಿನ ರಾಜವಂಶಾವಳಿ ಕುರಿತು ಓದುಗರೊಬ್ಬರಿಗೆ ಉತ್ತರ

ಪ್ರಶ್ನೆ: ನಾನು ಶಿವಮೊಗ್ಗದ ನಿವೃತ್ತ ಉಪನ್ಯಾಸಕ. ಮಗ ಅಮೆರಿಕದಲ್ಲಿದ್ದಾನೆ, ಸೊಸೆ ವಿಯೆಟ್ನಾಂ ಮೂಲದವಳು. ಅವಳ ತಾಯಿಯ ತಾಯಿಗೆ ಈಗ ತೊಂಬತ್ತು ದಾಟಿದೆ. 1975ರಲ್ಲಿ ಸೈಗಾನ್ ಬಿಟ್ಟು ಬಂದವರು. ಅವರ ಹಳೆಯ ಕಾಗದಗಳಲ್ಲಿ ಹೆಸರಿನ ಮುಂದೆ ‘ಕೋಂಗ್ ತಾಂಗ್ ತೋನ್ ನೂ’ ಎಂದಿದೆ. ಅವರ ಸ್ವಂತ ಅಣ್ಣನ ಹೆಸರು ‘ಬುವು’ ಎಂದು ಶುರುವಾಗುತ್ತದೆ. ಅಮೆರಿಕದ ದಾಖಲೆಗಳಲ್ಲಿ ಮಾತ್ರ ಅವರ ಮನೆತನದ ಹೆಸರು ಬರೀ ‘ಕೋಂಗ್’ ಎಂದಾಗಿದೆ. ತಾವು ಹುಯೆ ನಗರದ ಅರಮನೆಯವರು ಎಂದು ಅಜ್ಜಿ ಹೇಳುತ್ತಾರೆ. ಇದು ನಿಜವಿರಬಹುದೇ? ರಾಜಲಾಂಛನವಿರುವ ಪ್ರಮಾಣಪತ್ರ ಕೊಡುತ್ತೇವೆಂದು ಒಬ್ಬರು ಸಾಕಷ್ಟು ಹಣ ಕೇಳುತ್ತಿದ್ದಾರೆ, ಕೊಡಬಹುದೇ? ಡಿಎನ್‌ಎ ಪರೀಕ್ಷೆಯಿಂದ ತಿಳಿಯುತ್ತದೆಯೇ? ವಿಯೆಟ್ನಾಮಿನಲ್ಲಿ ವಿಚಾರಿಸಿದರೆ ಅಲ್ಲಿರುವ ಬಂಧುಗಳಿಗೆ ತೊಂದರೆಯಾದೀತೇ? ಆ ವಂಶದ ಈಗಿನ ಅರಸ ಯಾರು? ಸೊಸೆಗೆ ಈಗ ಏಳನೆಯ ತಿಂಗಳು. ಮಗುವಿಗೆ ಆ ವಂಶದ ಪದ್ಯದಿಂದ ಹೆಸರಿಡಬೇಕೆಂದು ಅವಳ ಮನೆಯವರಿಗೆ ಆಸೆ. ಅದು ಸರಿಯೇ?

ಉತ್ತರ: ತಮ್ಮ ಪತ್ರದಲ್ಲಿ ಹಲವು ಪ್ರಶ್ನೆಗಳಿದ್ದರೂ ಒಳಗಿರುವ ಆತಂಕ ಒಂದೇ ಎಂದು ನನಗೆ ತೋರುತ್ತದೆ. ಅಜ್ಜಿಯ ಮಾತನ್ನು ನಂಬಿ ಮೋಸಹೋಗುತ್ತೇವೆಯೋ, ಅಥವಾ ನಂಬದೆ ಆ ಹಿರಿಯರಿಗೆ ಅನ್ಯಾಯ ಮಾಡುತ್ತೇವೆಯೋ ಎಂಬುದು ಆ ಆತಂಕ. ಮೊದಲೇ ಹೇಳಿಬಿಡುತ್ತೇನೆ: ನೀವು ಕೊಟ್ಟಿರುವ ಎರಡು ಹೆಸರುಗಳು ಒಂದಕ್ಕೊಂದು ಹೊಂದಿಕೊಳ್ಳುತ್ತವೆ. ಇಂಥ ಕಾಗದಗಳನ್ನು ನೋಡುವುದೇ ಕಸುಬಾದ ನನ್ನಂಥವರಿಗೆ ಆ ಹೊಂದಾಣಿಕೆ ರಾಜಲಾಂಛನದ ಯಾವ ಪ್ರಮಾಣಪತ್ರಕ್ಕಿಂತಲೂ ಹೆಚ್ಚು ಬೆಲೆಬಾಳುವಂಥದ್ದು.

ಮೊದಲಿಗೆ ಒಂದು ತಪ್ಪು ಕಲ್ಪನೆಯನ್ನು ಬದಿಗಿಡೋಣ. 1802ರಿಂದ 1945ರವರೆಗೆ ಹುಯೆಯಿಂದ ಆಳಿದ ವಂಶದ ಹೆಸರು ನ್ಗುಯೆನ್. ವಿಯೆಟ್ನಾಮಿನಲ್ಲಿ ಹತ್ತು ಮಂದಿಯಲ್ಲಿ ಮೂರು ನಾಲ್ಕು ಮಂದಿಗೆ ಇದೇ ಮನೆತನದ ಹೆಸರಿರುವುದರಿಂದ, ನ್ಗುಯೆನ್ ಎಂದ ಕೂಡಲೇ ರಾಜವಂಶ ಎಂದು ಭಾವಿಸುವವರು ಬಹಳ. ಅದನ್ನು ನಮ್ಮ ಗೋತ್ರದಂತೆ ಒಂದೇ ಮೂಲಪುರುಷನ ಗುರುತು ಎಂದುಕೊಳ್ಳಬಾರದು. 13ನೆಯ ಶತಮಾನದಲ್ಲಿ ಅಧಿಕಾರ ಕಳೆದುಕೊಂಡ ಲೀ ವಂಶದವರಿಗೆ ಹೊಸ ಆಳರಸರು ಈ ಹೆಸರನ್ನು ಹೇರಿದ್ದೂ ಸೇರಿದಂತೆ, ಬೇರೆಬೇರೆ ಕಾಲದಲ್ಲಿ ಬೇರೆಬೇರೆ ಕುಲಗಳು ಅದರೊಳಗೆ ಬಂದು ಸೇರಿವೆ. ರಾಜಮನೆತನದವರು ತಮ್ಮನ್ನು ಬೇರ್ಪಡಿಸಿ ತೋರಲು ‘ನ್ಗುಯೆನ್ ಫುಕ್’ ಎಂಬ ಜೋಡಿ ಹೆಸರನ್ನು ಇಟ್ಟುಕೊಂಡಿದ್ದರು. ದಕ್ಷಿಣದ ಉಚ್ಚಾರದಲ್ಲಿ ಅದೇ ‘ಫುವೊಕ್’. ವಿಚಿತ್ರವೆಂದರೆ ದಿನಬಳಕೆಯಲ್ಲಿ ಆ ಕುಟುಂಬದ ಬಹುತೇಕರು ಈ ಜೋಡಿ ಹೆಸರನ್ನು ಬಿಟ್ಟು, ತಲೆಮಾರಿನ ಪದವನ್ನೇ ಹೆಸರಿನ ಮುಂದೆ ಇಟ್ಟುಕೊಂಡು ಬಂದರು. ಹಾಗಾಗಿ ನಿಜವಾದ ವಂಶಸ್ಥರ ಕಾಗದದಲ್ಲಿ ನ್ಗುಯೆನ್ ಎಂಬ ಪದವೇ ಕಾಣದಿರುವುದು ಸಾಮಾನ್ಯ.

ಆ ತಲೆಮಾರಿನ ಪದ ಬಂದದ್ದು ಎರಡನೆಯ ಚಕ್ರವರ್ತಿ ಮಿನ್ ಮಾಂಗ್‌ನಿಂದ. ಆತ 1823ರಲ್ಲಿ ಇಪ್ಪತ್ತು ಪದಗಳ ಒಂದು ಪದ್ಯವನ್ನು ರಚಿಸಿ, ತನ್ನ ಮಕ್ಕಳಿಂದ ಮೊದಲ್ಗೊಂಡು ಪ್ರತಿ ತಲೆಮಾರಿನ ಗಂಡುಮಕ್ಕಳೂ ಅದರ ಒಂದೊಂದು ಪದವನ್ನು ಕ್ರಮವಾಗಿ ಹೆಸರಿನಲ್ಲಿ ಇಟ್ಟುಕೊಳ್ಳಬೇಕೆಂದು ವಿಧಿಸಿದ. ಮಿಯೆನ್, ಹೋಂಗ್, ಉಂಗ್, ಬುವು, ವಿನ್ ಎಂಬುದು ಮೊದಲ ಸಾಲು. ಬಾವೊ, ಕ್ವಿ, ದಿನ್, ಲಾಂಗ್, ತ್ರುವೊಂಗ್ ಎಂಬುದು ಎರಡನೆಯದು. ಇನ್ನೆರಡು ಸಾಲುಗಳ ಪದಗಳಿಗೆ ಸರದಿ ಇನ್ನೂ ಬಂದಿಲ್ಲ. ತನ್ನ ಸಹೋದರರ ಸಂತತಿಗಾಗಿ ಆತ ಬೇರೆ ಹತ್ತು ಪದ್ಯಗಳನ್ನು ಕೊಟ್ಟ. ಫ್ರೆಂಚರ ವಿರುದ್ಧ ಜಪಾನಿನಿಂದ ಹೋರಾಟ ನಡೆಸಿ 1951ರಲ್ಲಿ ಟೋಕಿಯೊದಲ್ಲಿ ತೀರಿಕೊಂಡ ರಾಜಕುಮಾರ ಕುವೊಂಗ್ ದೇಯ ಹೆಸರಿನ ಮೊದಲ ಪದ ಈ ಇಪ್ಪತ್ತರಲ್ಲಿ ಸಿಗುವುದಿಲ್ಲ. ಅದಕ್ಕೆ ಕಾರಣವಿಷ್ಟೇ: ಆತ ಮಿನ್ ಮಾಂಗ್‌ನ ಅಣ್ಣ, ಅಂದರೆ ವಂಶಸ್ಥಾಪಕ ಜಿಯಾ ಲಾಂಗ್‌ನ ಹಿರಿಯ ಮಗ ರಾಜಕುಮಾರ ಕಾನ್‌ನ ಶಾಖೆಯವನು, ಆ ಶಾಖೆಗೆ ಬೇರೆಯದೇ ಪದ್ಯ. ಇನ್ನು ಜಿಯಾ ಲಾಂಗ್‌ಗಿಂತ ಹಿಂದೆ, 1558ರಿಂದ ಮಧ್ಯ ವಿಯೆಟ್ನಾಮಿನಲ್ಲಿ ಆಳಿದ ನ್ಗುಯೆನ್ ಪ್ರಭುಗಳ ಸಂತತಿಯವರು ‘ತೋನ್ ಥಾತ್’ ಎಂಬ ಹೆಸರನ್ನು ಇಟ್ಟುಕೊಂಡರು.

ಹೆಣ್ಣುಮಕ್ಕಳಿಗೆ ಪದ್ಯವಿಲ್ಲ, ಅವರಿಗೆ ಬಿರುದಿನ ಏಣಿ ಇದೆ. ಚಕ್ರವರ್ತಿಯ ಮಗಳು ಕೋಂಗ್ ಚುವಾ. ರಾಜಕುಮಾರನ ಮಗಳು, ಅಂದರೆ ಚಕ್ರವರ್ತಿಯ ಮೊಮ್ಮಗಳು, ಕೋಂಗ್ ನೂ. ಮರಿಮಗಳು ಕೋಂಗ್ ತೋನ್ ನೂ. ಅದರ ಮುಂದಿನವಳು ಕೋಂಗ್ ತಾಂಗ್ ತೋನ್ ನೂ, ಆಮೇಲಿನವಳು ಕೋಂಗ್ ಹುಯೆನ್ ತೋನ್ ನೂ. ಈಚಿನ ಕಾಲದಲ್ಲಿ ಇದನ್ನೆಲ್ಲ ಕತ್ತರಿಸಿ ಬರೀ ‘ತೋನ್ ನೂ’ ಎಂದು ಬರೆದುಕೊಂಡವರೇ ಹೆಚ್ಚು. ಗಮನಿಸಬೇಕಾದ ಸಂಗತಿಯೆಂದರೆ, ಗಂಡಸರ ಪದವನ್ನು ಮಿನ್ ಮಾಂಗ್‌ನಿಂದ ಎಣಿಸಿದರೆ, ಹೆಂಗಸರ ಬಿರುದನ್ನು ಅವರ ಪಿತೃಸಾಲಿನಲ್ಲಿ ಸಿಂಹಾಸನವೇರಿದ ಅತಿ ಹತ್ತಿರದ ಚಕ್ರವರ್ತಿಯಿಂದ ಎಣಿಸುತ್ತಾರೆ.

ಈಗ ತಮ್ಮ ಬೀಗರ ಮನೆಯ ಅಜ್ಜಿಯ ವಿಷಯಕ್ಕೆ ಬರೋಣ. ಅಣ್ಣ ‘ಬುವು’ ಎಂದಮೇಲೆ ಮಿನ್ ಮಾಂಗ್‌ನಿಂದ ಕೆಳಕ್ಕೆ ನಾಲ್ಕನೆಯ ತಲೆಮಾರು: ಮಗ ಮಿಯೆನ್, ಮೊಮ್ಮಗ ಹೋಂಗ್, ಮರಿಮಗ ಉಂಗ್, ಅವನ ಮಗ ಬುವು. ತಂಗಿಯ ಬಿರುದೂ ಒಬ್ಬ ಚಕ್ರವರ್ತಿಯಿಂದ ನಾಲ್ಕು ಮೆಟ್ಟಿಲು ಕೆಳಗಿನದೇ. ಎರಡೂ ಎಣಿಕೆ ಒಂದೇ ಕಡೆ ಹೋಗಿ ನಿಲ್ಲುತ್ತವೆಯಾದ್ದರಿಂದ, ಇವರು ಮಿನ್ ಮಾಂಗ್‌ನ ಮಕ್ಕಳಲ್ಲಿ ಪಟ್ಟಕ್ಕೆ ಬಾರದ ಯಾವನೋ ರಾಜಕುಮಾರನ ಸಂತತಿಯಾಗಿರುವ ಸಾಧ್ಯತೆಯೇ ದೊಡ್ಡದು. ಪಟ್ಟಕ್ಕೆ ಬಂದ ಮಗ ಥಿಯೆವ್ ತ್ರಿಯ ಸಂತತಿಯಾಗಿದ್ದರೆ ಅದೇ ಬುವು ತಲೆಮಾರಿನ ಹೆಣ್ಣಿಗೆ ಒಂದು ಮೆಟ್ಟಿಲು ಮೇಲಿನ ಬಿರುದು, ಕೋಂಗ್ ತೋನ್ ನೂ, ಸಲ್ಲುತ್ತಿತ್ತು. ಬರವಣಿಗೆಯಲ್ಲಿ ಎಲ್ಲರೂ ಈ ನಿಯಮವನ್ನು ಕಟ್ಟುನಿಟ್ಟಾಗಿ ಪಾಲಿಸಲಿಲ್ಲವಾದ್ದರಿಂದ ಇದನ್ನು ಸಾಕ್ಷ್ಯವೆಂದು ತೆಗೆದುಕೊಳ್ಳಿ, ತೀರ್ಪೆಂದು ಬೇಡ. ಆದರೆ ಸುಳ್ಳು ಹೇಳುವವರು ಸಾಧಾರಣವಾಗಿ ಕೊನೆಯ ಚಕ್ರವರ್ತಿಗೋ, ಒಬ್ಬ ಪ್ರಸಿದ್ಧ ರಾಣಿಗೋ ಗಂಟುಹಾಕುತ್ತಾರೆಯೇ ಹೊರತು ಇಂಥ ಸರಿಯಾದ ಮೆಟ್ಟಿಲನ್ನು ಲೆಕ್ಕಹಾಕಿ ಹೇಳುವುದಿಲ್ಲ.

‘ಅರಮನೆಯವರು’ ಎಂಬ ಮಾತಿನ ತೂಕವನ್ನು ಮಾತ್ರ ಇಲ್ಲಿ ಸರಿಯಾಗಿ ಅಳೆಯಬೇಕು. ಮಿನ್ ಮಾಂಗ್‌ಗೆ 78 ಗಂಡು, 64 ಹೆಣ್ಣು, ಒಟ್ಟು 142 ಮಕ್ಕಳು. ನಾಲ್ಕು ತಲೆಮಾರು ದಾಟುವ ಹೊತ್ತಿಗೆ ಹುಯೆಯ ಬೀದಿಬೀದಿಯಲ್ಲಿ ಬುವು ಹೆಸರಿನವರು ಇದ್ದರು. ಅವರಲ್ಲಿ ಮಂತ್ರಿಗಳಿದ್ದಂತೆಯೇ ಶಾಲಾ ಮಾಸ್ತರರೂ ಗುಮಾಸ್ತರೂ ಇದ್ದರು. 1954ರ ಮೊದಲಾರ್ಧದಲ್ಲಿ ಪ್ರಧಾನಿಯಾಗಿದ್ದ ಬುವು ಲೋಕ್, ರಸಾಯನ ವಿಜ್ಞಾನಿಯಾಗಿ ಹೆಸರಾದ ಬುವು ಹೋಯ್ ಇಬ್ಬರೂ ಇದೇ ತಲೆಮಾರಿನವರು. ಬುವು ಹೋಯ್ ಕವಿಯೆಂದು ಖ್ಯಾತನಾದ ರಾಜಕುಮಾರ ತುಂಗ್ ಥಿಯೆನ್‌ನ ಶಾಖೆಯವರು. ಅವರ ತಾಯಿ ಬೌದ್ಧ ಸನ್ಯಾಸಿನಿಯಾಗಿದ್ದು, 1963ರ ಬೌದ್ಧ ಪ್ರತಿಭಟನೆಯ ಮುಂಚೂಣಿಯಲ್ಲಿ ನಿಂತರು. ಹೀಗೆ, ವಂಶಸ್ಥರಾಗಿರುವುದು ಗೌರವದ ಸಂಗತಿ ಹೌದು, ಅಪರೂಪದ ಸಂಗತಿ ಅಲ್ಲ. ಅಪರೂಪವಲ್ಲವೆಂಬುದೇ ಅಜ್ಜಿಯ ಮಾತನ್ನು ನಂಬಲರ್ಹವನ್ನಾಗಿ ಮಾಡುತ್ತದೆ.

ಈಗಿನ ಅರಸ ಯಾರು ಎಂಬ ಪ್ರಶ್ನೆಗೆ ಉತ್ತರ ಸರಳ: ಯಾರೂ ಇಲ್ಲ. ಕೊನೆಯ ಚಕ್ರವರ್ತಿ ಬಾವೊ ದಾಯ್ 1945ರ ಆಗಸ್ಟ್ 30ರಂದು ಹುಯೆ ಕೋಟೆಯ ದಕ್ಷಿಣ ದ್ವಾರದ ಮೇಲೆ ನಿಂತು ಪದತ್ಯಾಗದ ಪತ್ರವನ್ನು ಓದಿ, ಮುದ್ರೆಯನ್ನೂ ಖಡ್ಗವನ್ನೂ ಹೊಸ ಸರ್ಕಾರದ ಪ್ರತಿನಿಧಿಗಳಿಗೆ ಒಪ್ಪಿಸಿ, ವಿನ್ ಥುಯ್ ಎಂಬ ಸಾಮಾನ್ಯ ಪ್ರಜೆಯಾದರು. 1949ರಲ್ಲಿ ಫ್ರೆಂಚರ ಬೆಂಬಲದಿಂದ ಮರಳಿ ಬಂದಾಗ ಅವರು ರಾಷ್ಟ್ರದ ಮುಖ್ಯಸ್ಥರಾದರೇ ಹೊರತು ಪಟ್ಟಾಭಿಷಿಕ್ತ ಅರಸರಾಗಲಿಲ್ಲ. 1955ರ ಅಕ್ಟೋಬರ್ 23ರ ಜನಮತಗಣನೆ ಆ ಹುದ್ದೆಯನ್ನೂ ತೆಗೆಯಿತು. ಆ ಮತಗಣನೆ ನ್ಯಾಯವಾಗಿ ನಡೆಯಲಿಲ್ಲವೆಂಬುದು ಇತಿಹಾಸಕಾರರಲ್ಲಿ ಬಹುಮಟ್ಟಿಗೆ ಒಪ್ಪಿತ ವಿಷಯ, ಆದರೆ ಅದರಿಂದ ಸಿಂಹಾಸನ ಮತ್ತೆ ಹುಟ್ಟುವುದಿಲ್ಲ. ಅವರು 1997ರಲ್ಲಿ ಪ್ಯಾರಿಸ್‌ನಲ್ಲಿ ತೀರಿಕೊಂಡರು. ಸಾಮ್ರಾಜ್ಞಿ ನಾಮ್ ಫುವೊಂಗ್‌ಳಲ್ಲಿ ಹುಟ್ಟಿದ ಹಿರಿಯ ಮಗ ಬಾವೊ ಲಾಂಗ್ 2007ರಲ್ಲಿ, ಕಿರಿಯ ಮಗ ಬಾವೊ ಥಾಂಗ್ 2017ರಲ್ಲಿ ನಿಧನರಾದ ಮೇಲೆ ಮಲಸಹೋದರ ಬಾವೊ ಆನ್ ಅವರನ್ನು ಮನೆತನದ ಹಿರಿಯರೆಂದು ಹೇಳುವುದುಂಟು. ಇದು ಕುಟುಂಬದ ಹಿರಿತನದ ಮಾತು. ವಿಯೆಟ್ನಾಮಿನ ಕಾನೂನಾಗಲಿ, ಬೇರೆ ಯಾವ ದೇಶದ ಕಾನೂನಾಗಲಿ ಇದಕ್ಕೆ ಪದವಿಯ ಬೆಲೆ ಕೊಡುವುದಿಲ್ಲ.

ಹೊರಗಿನವರು ಈ ವಂಶಾವಳಿಯನ್ನು ಓದುವಾಗ ಎಡವುವುದು ಇನ್ನೊಂದು ಕಡೆ. ಪಟ್ಟದ ಸಾಲು ಬೇರೆ, ರಕ್ತದ ಸಾಲು ಬೇರೆ. ನಾಲ್ಕನೆಯ ಚಕ್ರವರ್ತಿ ತು ದುಕ್‌ಗೆ ಮಕ್ಕಳಾಗಲಿಲ್ಲ. ಆತ ಮೂವರು ಸೋದರಪುತ್ರರನ್ನು ದತ್ತು ತೆಗೆದುಕೊಂಡ. 1883ರಲ್ಲಿ ಆತ ತೀರಿಕೊಂಡಾಗ ಫ್ರೆಂಚ್ ನೌಕಾಪಡೆ ಬಾಗಿಲಲ್ಲಿತ್ತು, ಅಧಿಕಾರ ರಾಜಪ್ರತಿನಿಧಿಗಳ ಕೈಯಲ್ಲಿತ್ತು. ಜುಕ್ ದುಕ್ ಮೂರು ದಿನ ಆಳಿ ಪದಚ್ಯುತನಾದ, ಹಿಯೆಪ್ ಹ್ವಾ ಕೆಲವು ತಿಂಗಳಲ್ಲಿ ವಿಷಪ್ರಾಶನಕ್ಕೆ ಬಲಿಯಾದ, ಹದಿಹರೆಯದ ಕಿಯೆನ್ ಫುಕ್ ಮರುವರ್ಷವೇ ಸತ್ತ. ಅಲ್ಲಿಂದ ಮುಂದೆ ಸಿಂಹಾಸನ ಎರಡು ಕವಲುಗಳ ನಡುವೆ ಓಲಾಡಿತು. ಒಂದು ಕವಲು ಜುಕ್ ದುಕ್, ಅವನ ಮಗ ಥಾನ್ ಥಾಯ್, ಮೊಮ್ಮಗ ಜುಯ್ ತಾನ್ ಅವರದು. ಇನ್ನೊಂದು ಕಿಯೆನ್ ಫುಕ್, ಹಾಮ್ ನ್ಗಿ, ದೋಂಗ್ ಖಾನ್ ಎಂಬ ಮೂವರು ಸೋದರರದು, ಬಳಿಕ ದೋಂಗ್ ಖಾನ್‌ನ ಮಗ ಖಾಯ್ ದಿನ್, ಅವನ ಮಗ ಬಾವೊ ದಾಯ್‌ರದು. ಯಾರು ಬಗ್ಗುವುದಿಲ್ಲವೋ ಅವರನ್ನು ಇಳಿಸಿ, ಎದುರು ಕವಲಿನವರನ್ನು ಕೂರಿಸುವುದು ಫ್ರೆಂಚ್ ಆಡಳಿತದ ಪದ್ಧತಿಯಾಯಿತು. ಇದರ ಫಲವಾಗಿ 1916ರಲ್ಲಿ ವಿನ್ ತಲೆಮಾರಿನ ಜುಯ್ ತಾನ್‌ನ ಬಳಿಕ ಪಟ್ಟ ಹಿಂದಕ್ಕೆ ಸರಿದು ಬುವು ತಲೆಮಾರಿನ ಖಾಯ್ ದಿನ್‌ಗೆ ಹೋಯಿತು. ಅಂತರ್ಜಾಲದಲ್ಲಿ ತಿರುಗಾಡುವ ವಂಶವೃಕ್ಷಗಳಲ್ಲಿ ಹದಿಮೂರು ಚಕ್ರವರ್ತಿಗಳನ್ನು ಒಬ್ಬರ ಕೆಳಗೊಬ್ಬರಂತೆ ತಂದೆ-ಮಗ ಎಂದು ಜೋಡಿಸಿರುವುದನ್ನು ನಾನು ನೋಡುತ್ತಲೇ ಇರುತ್ತೇನೆ. ಅಂಥ ವೃಕ್ಷವನ್ನು ಕಂಡರೆ ಕೆಳಗಿನ ಕೊಂಬೆಗಳನ್ನು ನೋಡುವ ಶ್ರಮವನ್ನೂ ತೆಗೆದುಕೊಳ್ಳಬೇಡಿ.

ಪದ್ಯದ ಹೆಸರು ಇಲ್ಲದಿದ್ದರೆ ವಂಶಸ್ಥರಲ್ಲ ಎಂಬ ತೀರ್ಮಾನವೂ ತಪ್ಪು. ಗಡೀಪಾರಾದ ಅರಸರ ಮಕ್ಕಳನ್ನು ನೋಡಿ. ಹಾಮ್ ನ್ಗಿಯನ್ನು ಅಲ್ಜೀರಿಯಾಕ್ಕೆ ಕಳುಹಿಸಲಾಯಿತು. ಆತ ಅಲ್ಲಿ ಚಿತ್ರಕಾರನಾಗಿ, 1904ರಲ್ಲಿ ಫ್ರೆಂಚ್ ನ್ಯಾಯಾಧೀಶರೊಬ್ಬರ ಮಗಳನ್ನು ಮದುವೆಯಾಗಿ ಬದುಕಿದ. ಆತ ಉಂಗ್ ತಲೆಮಾರಿನವನಾದ್ದರಿಂದ ಮಗನ ಹೆಸರು ಬುವು ಎಂದು ಶುರುವಾಗಬೇಕಿತ್ತು. ಆದರೆ ಇಟ್ಟ ಹೆಸರು ಮಿನ್ ದುಕ್. ಜುಯ್ ತಾನ್‌ನನ್ನು ತಂದೆಯ ಜೊತೆಗೆ ಹಿಂದೂ ಮಹಾಸಾಗರದ ರೀಯೂನಿಯನ್ ದ್ವೀಪಕ್ಕೆ ಸಾಗಿಸಿದರು. ಆತ ಎರಡನೆಯ ಮಹಾಯುದ್ಧದಲ್ಲಿ ಸ್ವತಂತ್ರ ಫ್ರಾನ್ಸಿನ ಪಡೆಗೆ ಸೇರಿ, 1945ರ ಡಿಸೆಂಬರ್ 26ರಂದು ಮಧ್ಯ ಆಫ್ರಿಕದಲ್ಲಿ ವಿಮಾನ ಬಿದ್ದು ತೀರಿಕೊಂಡ. ಆ ದ್ವೀಪದಲ್ಲಿ ಹುಟ್ಟಿದ ಅವನ ಮಕ್ಕಳು ತಂದೆಯ ಜನ್ಮನಾಮವಾದ ವಿನ್ ಸಾನ್ ಎಂಬುದನ್ನೇ ಮನೆತನದ ಹೆಸರಾಗಿ ಇಟ್ಟುಕೊಂಡಿದ್ದಾರೆ. ಅಲ್ಲಿ ‘ವಿನ್’ ಈಗ ತಲೆಮಾರನ್ನು ಹೇಳುವುದಿಲ್ಲ. ತಮ್ಮ ಬೀಗರ ಕಾಗದದ ‘ಕೋಂಗ್’ ಕೂಡ ಇದೇ ಬಗೆಯದು. ನಿರಾಶ್ರಿತರ ಅರ್ಜಿ ತುಂಬಿಕೊಂಡ ಗುಮಾಸ್ತ ಬಿರುದಿನ ಮೊದಲ ಪದವನ್ನು ಮನೆತನದ ಹೆಸರಿನ ಕಲಮಿಗೆ ಹಾಕಿ, ಉಳಿದದ್ದನ್ನು ನಡುಹೆಸರಾಗಿಸಿರುತ್ತಾನೆ. ಅಕ್ಷರಗಳ ಮೇಲಿನ ಸ್ವರಚಿಹ್ನೆಗಳೂ ಬಿದ್ದುಹೋಗಿರುತ್ತವೆ. ಚಿಹ್ನೆಗಳಿಲ್ಲದ ಹೆಸರನ್ನಿಟ್ಟುಕೊಂಡು ಹುಡುಕಿದರೆ ಬೇರೆಬೇರೆ ನಾಲ್ಕೈದು ಹೆಸರುಗಳು ಒಂದಾಗಿ ಕಾಣುತ್ತವೆ. ಆದ್ದರಿಂದ 1975ಕ್ಕಿಂತ ಹಿಂದಿನ ಕಾಗದವೇ ತಮಗೆ ಮುಖ್ಯ. ಅಮೆರಿಕದ ಕಾಗದ ಅದಕ್ಕೆ ಬರೀ ಕೊಂಡಿ.

ಡಿಎನ್‌ಎ ಪರೀಕ್ಷೆಯ ಬಗ್ಗೆ ನನ್ನ ಸಲಹೆ ಬೇಡವೆಂದೇ. ಗಂಡುಸಂತತಿಯ ನೇರ ಸಾಲನ್ನು ತೋರಿಸುವ ವೈ ವರ್ಣತಂತು ತಂದೆಯಿಂದ ಮಗನಿಗೆ ಮಾತ್ರ ಹೋಗುತ್ತದೆ. ಸೊಸೆಗೆ ವಂಶ ಬಂದಿರುವುದು ತಾಯಿಯ ತಾಯಿಯಿಂದ. ಮಿನ್ ಮಾಂಗ್‌ನಿಂದ ಸೊಸೆಯವರೆಗೆ ಆರು ತಲೆಮಾರು; ಪ್ರತಿ ತಲೆಮಾರಿಗೂ ಪಾಲು ಅರ್ಧವಾಗುತ್ತ ಬಂದು ಸರಾಸರಿಯಲ್ಲಿ ಅರವತ್ತನಾಲ್ಕರಲ್ಲಿ ಒಂದು ಭಾಗ, ಅಂದರೆ ಶೇ. 1.6ರಷ್ಟು ಉಳಿಯುತ್ತದೆ. ಆ ತುಣುಕನ್ನು ರಾಜನದೆಂದು ಗುರುತಿಸಬೇಕಾದರೆ ಹೋಲಿಸಿನೋಡಲು ವಂಶದ ದೃಢಪಟ್ಟ ಮಾದರಿ ಬೇಕು. ಮಾರುಕಟ್ಟೆಯ ಪರೀಕ್ಷೆಗಳು ಹೇಳುವುದು ‘ವಿಯೆಟ್ನಾಂ ಮೂಲ’ ಎಂದು ಮಾತ್ರ, ಅದು ತಮಗೆ ಈಗಾಗಲೇ ಗೊತ್ತಿದೆ. ಅಣ್ಣನ ಗಂಡುಸಂತತಿಯವರೂ ಬೇರೆ ಶಾಖೆಯ ಬುವು ಸಂತತಿಯವರೂ ಒಟ್ಟಿಗೆ ಪರೀಕ್ಷೆ ಮಾಡಿಸಿದರೆ ಏನಾದರೂ ತಿಳಿದೀತು. ಆದರೆ ಇಂಥ ಪರೀಕ್ಷೆ ಕುಟುಂಬಗಳಲ್ಲಿ ಯಾರೂ ಕೇಳದಿದ್ದ ಬೇರೆ ಗುಟ್ಟುಗಳನ್ನೂ ಹೊರಹಾಕುತ್ತದೆ ಎಂಬುದನ್ನು ಮರೆಯಬೇಡಿ.

ಪ್ರಮಾಣಪತ್ರಕ್ಕೆ ಹಣ ಕೊಡಬೇಡಿ. ಈ ವಂಶದ ಹೆಸರಿನಲ್ಲಿ ಪದಕ, ಬಿರುದು, ಲಾಂಛನ ಹಂಚುವ ಗುಂಪುಗಳು ವಿದೇಶಗಳಲ್ಲಿ ಹಲವಿವೆ. ಒಂದು ಗುಂಪು ಇನ್ನೊಂದನ್ನು ಒಪ್ಪುವುದಿಲ್ಲ, ಮನೆತನದ ಹಿರಿಯರು ಎಲ್ಲರನ್ನೂ ಒಪ್ಪುವುದಿಲ್ಲ. ಹಣ ಹೋಗುವುದು ಸಣ್ಣ ನಷ್ಟ. ದೊಡ್ಡ ನಷ್ಟವೆಂದರೆ ಅಜ್ಜಿಯಿಂದ ಪಡೆದ ನಿಜವಾದ ಹೆಸರುಗಳನ್ನು ತಮ್ಮ ಕಲ್ಪಿತ ವೃಕ್ಷಕ್ಕೆ ಅಂಟಿಸಿ ಅವರು ಹರಿಯಬಿಡುತ್ತಾರೆ. ಅಚ್ಚಾದ ಮೇಲೆ ಅದನ್ನು ತಿದ್ದುವುದು ಬಹಳ ಕಷ್ಟ.

ಹಾಗಾದರೆ ಎಲ್ಲಿ ವಿಚಾರಿಸಬೇಕು? ರಾಜರ ಕಾಲದಲ್ಲಿ ತೋನ್ ನ್ಯಾನ್ ಫು ಎಂಬ ಕಚೇರಿ ವಂಶದವರ ಜನನ ಮರಣಗಳನ್ನು ದಾಖಲಿಸುತ್ತಿತ್ತು. ಈಗ ಆ ಕೆಲಸವನ್ನು, ಸರ್ಕಾರಿ ಅಧಿಕಾರವಿಲ್ಲದೆ, ಹುಯೆಯಲ್ಲಿರುವ ನ್ಗುಯೆನ್ ಫುಕ್ ಕುಲದ ಮಂಡಳಿ ನೋಡಿಕೊಳ್ಳುತ್ತದೆ. ಅದು ಸಂಕಲಿಸಿದ ಕುಲಗ್ರಂಥ 1995ರಲ್ಲಿ ಹುಯೆಯಲ್ಲೇ ಅಚ್ಚಾಯಿತು. ಪ್ರಭುಗಳು, ಚಕ್ರವರ್ತಿಗಳು, ಅವರ ಮಕ್ಕಳ ವಿವರಕ್ಕೆ ಅದು ಒಳ್ಳೆಯ ಆಧಾರ. ಅಲ್ಲಿಂದ ಕೆಳಗಿನ ತಲೆಮಾರುಗಳಿಗೆ ಆಯಾ ಶಾಖೆಯವರು ಇಟ್ಟುಕೊಂಡ ಪಟ್ಟಿಯೇ ಗತಿ. ಪ್ರತಿ ರಾಜಕುಮಾರನ ಸಂತತಿಯೂ ಒಂದೊಂದು ಶಾಖೆ. ಅದನ್ನು ಹುಯೆಯವರು ‘ಫೋಂಗ್’ ಎನ್ನುತ್ತಾರೆ, ಆ ರಾಜಕುಮಾರನ ಬಿರುದಿನಿಂದಲೇ ಕರೆಯುತ್ತಾರೆ. ಶಾಖೆಯ ಹೆಸರು ಗೊತ್ತಿಲ್ಲದೆ ಮಂಡಳಿಗೆ ಬರೆದರೆ, 78 ಗಂಡುಮಕ್ಕಳಲ್ಲಿ ಯಾರ ಮನೆಯಲ್ಲಿ ಹುಡುಕಬೇಕೆಂದು ಅವರಿಗಾದರೂ ಹೇಗೆ ತಿಳಿಯಬೇಕು? ಈ ಪಟ್ಟಿಗಳಿಗೂ ದೋಷವಿದೆ. ಯುದ್ಧದಲ್ಲಿ ಕೆಲವು ಸುಟ್ಟುಹೋದವು, ಕೆಲವನ್ನು ನೆನಪಿನಿಂದ ಮತ್ತೆ ಬರೆದರು, ಹೆಣ್ಣುಮಕ್ಕಳ ಹೆಸರು ಬಂದರೂ ಅವರ ಮಕ್ಕಳ ಹೆಸರು ಸಾಮಾನ್ಯವಾಗಿ ಬರುವುದಿಲ್ಲ. ಅಜ್ಜಿಯ ಹೆಸರು ಅಲ್ಲಿ ಸಿಕ್ಕರೂ ಬೀಗಿತ್ತಿಯ ಹೆಸರು ಸಿಗದಿರಬಹುದು. ಅದರಿಂದ ಸಂಬಂಧ ಸುಳ್ಳಾಗುವುದಿಲ್ಲ. ಅಲ್ಲಿಂದ ಮುಂದಕ್ಕೆ ಜನನಪತ್ರ, ವಿವಾಹಪತ್ರಗಳು ಸಾಕ್ಷಿ ನಿಲ್ಲುತ್ತವೆ.

ಬಂಧುಗಳಿಗೆ ತೊಂದರೆಯಾದೀತೆಂಬ ಭಯ ಒಂದು ಕಾಲಕ್ಕೆ ನಿರಾಧಾರವಾಗಿರಲಿಲ್ಲ. ಎಷ್ಟೋ ಕುಟುಂಬಗಳು ಹಳೆಯ ಕಾಗದಗಳನ್ನು ತಾವೇ ನಾಶಮಾಡಿದವು. ಆದರೂ ಬಾವೊ ದಾಯ್‌ರ ತಾಯಿ ತು ಕುಂಗ್ ದೇಶ ಬಿಡದೆ 1980ರಲ್ಲಿ ಸಾಯುವವರೆಗೂ ಹುಯೆಯಲ್ಲೇ ಬದುಕಿದ್ದರು. 1987ರಲ್ಲಿ ಜುಯ್ ತಾನ್‌ನ ಅವಶೇಷಗಳನ್ನು ಆಫ್ರಿಕದಿಂದ ತಂದು ಹುಯೆಯಲ್ಲಿ ತಂದೆಯ ಸಮಾಧಿಯ ಬಳಿ ಹೂಳಿದರು. ಇಂದು ಕುಲದ ಮಂಡಳಿ ಪೂರ್ವಜರ ಪುಣ್ಯತಿಥಿಗಳನ್ನು ಬಹಿರಂಗವಾಗಿ ನಡೆಸುತ್ತದೆ, 1993ರಿಂದ ವಿಶ್ವಪರಂಪರೆಯ ತಾಣವಾಗಿರುವ ಹುಯೆಯ ಸ್ಮಾರಕಗಳನ್ನು ಸರ್ಕಾರವೇ ಜೀರ್ಣೋದ್ಧಾರ ಮಾಡಿಸುತ್ತಿದೆ. ವಂಶಾವಳಿಯ ವಿಚಾರಣೆ ಅಲ್ಲಿ ಈಗ ಸಹಜವಾದ ಕೆಲಸ. ಸಿಂಹಾಸನದ ಹಕ್ಕು, ಆಸ್ತಿಯ ಮರಳಿಕೆ ಎಂಬ ಮಾತುಗಳನ್ನು ಪತ್ರದಲ್ಲಿ ತರಬೇಡಿ, ಅಷ್ಟು ಸಾಕು.

ಮಗುವಿನ ಹೆಸರಿನ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಬಿಗಿಯಾದದ್ದು. ಅಜ್ಜಿ ಬುವು ತಲೆಮಾರಿನವರಾದರೆ ಅವರ ಮಗಳು ವಿನ್ ಸಮಾನಳು, ಸೊಸೆ ಬಾವೊ ಸಮಾನಳು, ಹುಟ್ಟುವ ಮಗು ಕ್ವಿ ತಲೆಮಾರಿನ ಸರಿಸಮ. ಆದರೆ ಪದ್ಯದ ಪದ ಗಂಡುಸಂತತಿಯಲ್ಲಿ ಮಾತ್ರ ಇಳಿಯುತ್ತದೆ. ಇಲ್ಲಿ ನಡುವೆ ಮೂವರು ಹೆಣ್ಣುಮಕ್ಕಳಿದ್ದಾರೆ. ‘ಕ್ವಿ’ ಎಂಬುದನ್ನು ಮುಂದಿಟ್ಟು ಹೆಸರು ಬರೆಸಿದರೆ, ಇನ್ನು ಎಪ್ಪತ್ತು ವರ್ಷದ ಮೇಲೆ ನನ್ನಂಥವನೊಬ್ಬ ಆ ಮಗುವನ್ನು ತಪ್ಪು ಶಾಖೆಗೆ ಸೇರಿಸುತ್ತಾನೆ. ಕಾನೂನಿನ ಅಡ್ಡಿ ಇಲ್ಲ, ಯಾರ ಅಪ್ಪಣೆಯೂ ಬೇಕಿಲ್ಲ. ಆಸೆ ಗಾಢವಾಗಿದ್ದರೆ ಮನೆಯಲ್ಲಿ ಕರೆಯುವ ಹೆಸರಾಗಿ ಇಟ್ಟುಕೊಳ್ಳಲಿ. ಇಲ್ಲವೇ ಅಜ್ಜಿಯ ಸ್ವಂತ ಹೆಸರನ್ನೇ ಮಗುವಿನ ನಡುಹೆಸರಾಗಿಸಲಿ. ಎರಡನೆಯದೇ ನನಗೆ ಹೆಚ್ಚು ಹಿಡಿಸುತ್ತದೆ, ಏಕೆಂದರೆ ಅದರಲ್ಲಿ ಸುಳ್ಳಿನ ಎಳೆಯೂ ಇಲ್ಲ.

ತೊಂಬತ್ತು ದಾಟಿದವರನ್ನು ಕೇಳಬೇಕಾದ್ದನ್ನು ಮುಂದೂಡಬಾರದು. ವಂಶದ ಕಥೆಯನ್ನು ಕೇಳಬೇಡಿ. ಅದು ಹೇಳಿದಷ್ಟೂ ಬೆಳೆಯುತ್ತದೆ. ತಂದೆಯ ಪೂರ್ಣ ಹೆಸರು, ತಾತನ ಪೂರ್ಣ ಹೆಸರು, ಹುಯೆಯಲ್ಲಿ ಯಾವ ರಾಜಕುಮಾರನ ಮನೆಯಲ್ಲಿ ಎಲ್ಲರೂ ಸೇರುತ್ತಿದ್ದರು, ಚಾಂದ್ರಮಾನದ ಯಾವ ತಿಂಗಳ ಯಾವ ದಿನ ಮೂಲಪುರುಷನ ಪುಣ್ಯತಿಥಿ ನಡೆಯುತ್ತಿತ್ತು, ಕುಟುಂಬದ ಗೋರಿಗಳು ಯಾವ ಗುಡ್ಡದ ಮೇಲಿವೆ ಎಂಬುದನ್ನು ಮಾತ್ರ ಸೊಸೆ ವಿಯೆಟ್ನಾಂ ಭಾಷೆಯಲ್ಲೇ ಕೇಳಿ, ಧ್ವನಿಮುದ್ರಿಸಿ, ಸ್ವರಚಿಹ್ನೆಗಳ ಸಹಿತ ಬರೆದುಕೊಳ್ಳಲಿ. ಹಿರಿಯರು ಹೆಸರುಗಳನ್ನು ಮರೆತರೂ ತಿಥಿಯ ದಿನವನ್ನು ಮರೆಯುವುದು ಅಪರೂಪ, ಮತ್ತು ಶಾಖೆಯನ್ನು ಗುರುತಿಸಲು ಮಂಡಳಿಯವರಿಗೆ ಅನೇಕ ವೇಳೆ ಆ ದಿನಾಂಕವೊಂದೇ ಸಾಕಾಗುತ್ತದೆ. ಉತ್ತರ ಬಂದ ಮೇಲೆ, ಅದನ್ನು 1975ಕ್ಕೆ ಹಿಂದಿನ ಕಾಗದಗಳ ಪ್ರತಿಯೊಂದಿಗೆ ಹುಯೆಗೆ ಕಳುಹಿಸಿ. ಮೂಲಪ್ರತಿಗಳನ್ನು ಯಾರಿಗೂ ಕೊಡಬೇಡಿ.